ಉಪ್ಪು ಸಾಲದು

"ಇದನ್ನ ಮನುಷ್ಯರು ತಿಂತಾರಾ? ಉಪ್ಪೇ ಸಾಲದು!" ಎನ್ನುತ್ತ ಅತ್ತೆ ಮೂರನೆಯ ತುತ್ತಿಗೇ ತಟ್ಟೆ ಸರಿಸಿದಾಗ ಸೊಸೆಯ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ದಿನವೂ ಇದೇ ಪಾಡು! ಅತ್ತೆಯದು ಶಾಲೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ. ಹಗಲೆಲ್ಲ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಬರುವ ಸೊಸೆಯ ಸೌಟು ಅದರ ಮುಂದೆ ಯಾವ ಲೆಕ್ಕ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಸೊಸೆಯ ಕಾಲ ಮಾತ್ರ ಇನ್ನೂ ಬಂದಿರಲಿಲ್ಲ. ಕೊಂಕು ಮಾತು ಹಳೆಯದೇ. ಆದರೆ ತಟ್ಟೆ ಬಿಟ್ಟೇಳುವುದು ಹೊಸದು. "ಅಮ್ಮನ ಬಾಯಿ ಗೊತ್ತಲ್ಲ, ಬಿಡು" ಎಂದು ಗಂಡ ಪೇಪರಿನ ಹಿಂದೆ ಅಡಗಿದ.

ರೋಸಿಹೋದ ಸೊಸೆ ಭಾನುವಾರ ಸೌಟನ್ನು ಅತ್ತೆಯ ಕೈಗೇ ಕೊಟ್ಟಳು. "ನೀವೇ ಮಾಡಿ ತೋರಿಸಿ, ಅತ್ತೆ." ಅಡುಗೆಯ ಘಮ ಬೀದಿಗೆಲ್ಲ ಹರಡಿತು. ಗಂಡ ಮತ್ತೆ ಮತ್ತೆ ಬಡಿಸಿಕೊಂಡು ಉಂಡ. ಸೋಲೊಪ್ಪಿಕೊಳ್ಳಲು ತಲೆಯೆತ್ತಿದ ಸೊಸೆಗೆ ಕಂಡದ್ದು ಅತ್ತೆಯ ತಟ್ಟೆ… ಅಲ್ಲಿಯೂ ಉಂಡದ್ದು ಮೂರೇ ತುತ್ತು! ತಾನೇ ಮಾಡಿದ ಅಡುಗೆಯನ್ನು ಆಕೆ ಯಾರಿಗೂ ಕಾಣದಂತೆ ಅಂಚಿಗೆ ಸರಿಸುತ್ತಿದ್ದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಸೊಸೆಗೆ ಒಂದೊಂದೇ ನೆನಪಾಯಿತು. ಅತ್ತೆಯ ತೋಳು ಕಡ್ಡಿಯಾಗಿದ್ದರೂ ಹೊಟ್ಟೆ ಮಾತ್ರ ಉಬ್ಬಿದ್ದು, ಗಳಿಗೆಗೊಮ್ಮೆ ಬಚ್ಚಲಿಗೆ ಏಳುತ್ತಿದ್ದದ್ದು… ಅಯ್ಯೋ, ಕಂಡೂ ಕಾಣದವಳಂತಿದ್ದೆನಲ್ಲ!

"ಎಷ್ಟು ದಿನದಿಂದ ಅತ್ತೆ? ನಿಜ ಹೇಳಿ."

"ಗ್ಯಾಸು ಕಣೇ. ಈ ವಯಸ್ಸಿಗೆ ಹೊಟ್ಟೆ ಬರದೆ ಇನ್ನೇನು ಬರತ್ತೆ, ರೆಕ್ಕೆನಾ?"

"ಮೂರು ತುತ್ತಿಗೇ ತುಂಬಿಹೋಗೋ ಹೊಟ್ಟೆನಾ?"

ಅತ್ತೆ ತಟ್ಟೆಯನ್ನು ದೂರ ಸರಿಸಿದಳು. "ಸೇರಲ್ಲ ಅಂದ್ರೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀರಿ. ಉಪ್ಪು ಸಾಲದು ಅಂದ್ರೆ ನೀನು ಅತ್ತು ಸುಮ್ಮನಾಗ್ತೀಯ… ನಮ್ಮಕ್ಕನಿಗೂ ಹೀಗೇ ಶುರುವಾಗಿತ್ತು ಕಣೇ. ನಂಗೆ ಭಯ!"

ಮರುದಿನವೇ ಸ್ಕ್ಯಾನಿಂಗ್ ಆಯಿತು. ಹೊರಗಿನ ಬೆಂಚಿನಲ್ಲಿ ಗಂಡ ಉಗುರು ಕಚ್ಚುತ್ತ ಕುಳಿತಿದ್ದ. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದಳು. "ಅಂಡಾಶಯದಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಇರಬಹುದು; ಎಷ್ಟು ಹರಡಿದೆ ಅನ್ನೋದು ಆಪರೇಷನ್ ಆದ್ಮೇಲೇ ಗೊತ್ತಾಗೋದು. ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರ… ಇವು ವಾರಗಟ್ಟಲೆ ಇದ್ರೆ ಗ್ಯಾಸು ಅಂತ ಬಿಡಬಾರದಮ್ಮ. ಇನ್ನೂ ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು." ಆ ಕೊನೆಯ ಮಾತು ಸೊಸೆಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಆಪರೇಷನ್ನಿನ ಹಿಂದಿನ ಸಂಜೆ ಅವಳು ಆಸ್ಪತ್ರೆಗೆ ಗಂಜಿ ತಂದು ಚಮಚದಿಂದ ಕುಡಿಸಿದಳು. ಅತ್ತೆ ಕಷ್ಟಪಟ್ಟು ನುಂಗಿ ಅವಳ ಮುಖ ನೋಡಿದಳು.

"ಉಪ್ಪು ಸರಿಯಾಗಿದೆ ಕಣೇ. ಯಾವತ್ತೂ ಸರಿಯಾಗೇ ಇತ್ತು."

ಮದುವೆಯಾದಂದಿನಿಂದ ಕಾದಿದ್ದ ಮಾತು! ಈಗ ಅದು ವಿದಾಯದ ಮಾತಿನಂತೆ ಕೇಳಿಸಿ ಸೊಸೆ ಚಮಚ ಕೆಳಗಿಟ್ಟಳು.

"ಬೇಡ ಅತ್ತೆ, ಹಾಗನ್ನಬೇಡಿ… ಸಾಲದು ಅನ್ನಿ! ಎಂದಿನಂತೆ ಬಯ್ಯಿರಿ!"

ಅತ್ತೆ ಅವಳ ಕೆನ್ನೆ ಒರೆಸಿದಳು. "ಮನೆಗೆ ಬಂದ್ಮೇಲೆ ಬಯ್ತೀನಿ ಬಿಡು. ಎಲ್ಲಿ ಓಡಿಹೋಗ್ತೀಯ?"

ಸೊಸೆ ಉಳಿದ ಗಂಜಿಗೆ ಮುಚ್ಚಳ ಹಾಕಿ, ಅತ್ತೆಯ ಕೈ ಹಿಡಿದು, ಬಿಡದೆ ಕುಳಿತಳು.