ದಿಮ್ಮಿ ಗುಡಿಸಲಲ್ಲಿ ಕರೆದ ಹೆಸರು

ಮೆಲ್ಬರ್ನ್‌ನಲ್ಲಿ ನನಗಿದ್ದ ಒಬ್ಬಳೇ ಗೆಳತಿ ಬೆಳಗಾವಿಯ ಇಂದುಮತಿ. ಅವಳ ಬಾಣಂತನ ಮಾಡಿದವಳೇ ನಾನು. ಹೋದ ಜನವರಿಯ ಒಂದು ಮಧ್ಯಾಹ್ನ ಊರಾಚೆಯ ಹಳೇ ಗುಡಿಸಲು ತೋರಿಸಲು ಕರೆದೊಯ್ದಳು. ನೂರೆಪ್ಪತ್ತು ವರ್ಷದ ಹಿಂದೆ ಮರದ ದಿಮ್ಮಿ ಜೋಡಿಸಿ ಕಟ್ಟಿದ್ದು.

“ನೀ ಒಳಗ ಹೋಗು, ಫೋಟೋ ತೆಗೀತೀನಿ,” ಎಂದಳು.

ಹೊರಗೆ ನಲವತ್ತು ಡಿಗ್ರಿ ಬಿಸಿಲು. ಒಳಗೆ ನನ್ನ ಉಸಿರು ಹಬೆಯಾಗಿ ಕಾಣುತ್ತಿತ್ತು. ದಿಮ್ಮಿಗಳಿಂದ ಈಗಷ್ಟೇ ಕಡಿದ ಹಸಿಮರದ ವಾಸನೆ ಬರುತ್ತಿತ್ತು. ಗೋಡೆಯ ಸಂದಿನಿಂದ ಯಾರೋ “ಚಿನ್ನವ್ವಾ” ಎಂದರು. ಮನೆಯವರು ಕರೆಯುವ ಆ ಹೆಸರು ಈ ದೇಶದಲ್ಲಿ ಇಂದುಮತಿಗೆ ಮಾತ್ರ ಗೊತ್ತು.

ಓಡಿ ಬಂದೆ. ಅವಳು ಕಾರಿನ ಗಾಜು ಏರಿಸಿಕೊಂಡು ಅಳುತ್ತಿದ್ದಳು.

“ಹೋದಸಲ ಬಂದಾಗ ಒಳಗಿರೋದು ನನ್ನ ಹಿಡಕೊಂಡಿತ್ತು. ಇನ್ನೊಬ್ಬರ ಹೆಸರು ಹೇಳಿದ್ರ ಬಿಡ್ತೀನಿ ಅಂತು. ನಿಂದು ಹೇಳಿಬಿಟ್ಟೆ.”

ಅವಳಿಗೆ ಈಗ ನೆಮ್ಮದಿಯ ನಿದ್ದೆಯಂತೆ. ನನ್ನನ್ನು ಅದು ದಿನಾ ಕೇಳುತ್ತದೆ. ನಾನಿನ್ನೂ ಯಾರ ಹೆಸರನ್ನೂ ಹೇಳಿಲ್ಲ.