ಢಮಾರನ ಚೈನು

"ಇದು ನಿಮ್ಮ ನಾಯೀನಾ?"

ಕೇಳಿದವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅವನ ಅಂಗಿಯ ತುಂಬ ರಕ್ತ... ತೋಳಲ್ಲಿ ಟವೆಲ್ಲು ಸುತ್ತಿದ ಬೆಕ್ಕು. ಪಕ್ಕದಲ್ಲೇ ಏನೂ ಆಗಿಲ್ಲವೆಂಬಂತೆ ಬಾಲ ಅಲ್ಲಾಡಿಸುತ್ತ ನಿಂತಿದ್ದ ಢಮಾರ!

ಸ್ಕೂಲ್ ಬಸ್ ಓಡಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಕಿವಿಯಲ್ಲಿನ್ನೂ ಮಕ್ಕಳ ಗಲಾಟೆ.

"ನಂದೇ..." ಎಂದಳು.

ನಿಜ ಹೇಳಬೇಕೆಂದರೆ ಢಮಾರ ಅವಳ ಅಣ್ಣನ ನಾಯಿ. ಮಗು ಹುಟ್ಟಿದ ಮೇಲೆ ಅತ್ತಿಗೆ ಬೇಡವೆಂದಳು, ಅಣ್ಣ ತಂದು ಇವಳ ಬಾಗಿಲಲ್ಲಿ ಕಟ್ಟಿ ಹೋದ. ಕಾಯಿಲೆಯ ಅಪ್ಪನನ್ನೂ ಹೀಗೇ ತಂದು ಬಿಟ್ಟಿದ್ದ. ಅಪ್ಪ ಹೋದರು, ನಾಯಿ ಉಳಿಯಿತು. ಯಾರೋ ಕೈಬಿಟ್ಟದ್ದೆಲ್ಲ ಇವಳ ತಲೆಗೇ!

"ಗೇಟಿನ ಚಿಲಕ ಕೆಟ್ಟಿತ್ತು. ನಾಳೆ ಮಾಡಿಸೋಣ, ನಾಳೆ ಮಾಡಿಸೋಣ ಅಂತ..." ಅವಳು ಢಮಾರನನ್ನು ಹಿಡಿದುಕೊಂಡಳು. "ತಪ್ಪು ನಂದೇ. ಏನು ಮಾಡ್ಬೇಕು ಹೇಳಿ."

"ಮೊದಲು ಡಾಕ್ಟ್ರ ಹತ್ರ ಬನ್ನಿ," ಎಂದ ಅವನು. ಎದುರಿನ ಕನ್ನಡಕದಂಗಡಿಯವನು.

ಬೆಕ್ಕಿನ ಹೆಸರು ಸಿಡುಕಿ. ತೊಡೆಗೆ ಹೊಲಿಗೆ ಬಿತ್ತು. ದಿನಾ ಗಾಯ ಒರೆಸಿ ಔಷಧಿ ಹಚ್ಚಬೇಕು ಎಂದರು ಡಾಕ್ಟರು.

"ನಾನೇ ಬಂದು ಹಚ್ತೀನಿ."

"ಪರಚುತ್ತೆ."

"ಪರಚಲಿ ಬಿಡಿ. ನ್ಯಾಯವೇ."

ಹೀಗೆ ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಅಂಗಡಿಗೆ ಹೋಗುವುದು ರೂಢಿಯಾಯಿತು. ಅವನು ಬೆಕ್ಕನ್ನು ಹಿಡಿಯುತ್ತಿದ್ದ, ಅವಳು ಔಷಧಿ ಹಚ್ಚುತ್ತಿದ್ದಳು. ಪರಚಿಸಿಕೊಂಡದ್ದೆಲ್ಲ ಅವನೇ!

ಒಂದು ದಿನ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತವಳು ಹಾಗೇ ನಿದ್ದೆಹೋದಳು. ಎಚ್ಚರವಾದಾಗ ಅಕ್ಷರದ ಬೋರ್ಡಿನ ದೀಪ ಆರಿತ್ತು. ಅವನು ಗಿರಾಕಿಯನ್ನು ಹೊರಗೇ ನಿಲ್ಲಿಸಿಕೊಂಡು ಪಿಸುದನಿಯಲ್ಲಿ ಕನ್ನಡಕ ತೋರಿಸುತ್ತಿದ್ದ.

ತನಗಾಗಿ ಯಾರಾದರೂ ದನಿ ತಗ್ಗಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಅವತ್ತೇ ಅವಳು ಅವನಿಗೆ ಮನಸೋತಳು.

ಸಿಡುಕಿಯ ಹೊಲಿಗೆ ಬಿಚ್ಚಿದ ದಿನ ಮನೆ ಓನರ್ ಆಂಟಿ ಮೆಟ್ಟಿಲಲ್ಲಿ ತಡೆದರು.

"ಕನ್ನಡಕದವನು ಬಂದು ನಾಯಿ ವಿಷಯ ಮಾತಾಡಿ ಹೋದನಮ್ಮ. ಹಗಲು ನೋಡ್ಕೊಳ್ಳೋರಿಲ್ಲದ ನಾಯಿ ಇಲ್ಲಿ ಬೇಡ ಅಂದ್ಬಿಟ್ರು ನಮ್ಮವರು."

ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

'ಇವನೇ ದೂರು ಕೊಟ್ಟನಾ? ಎದುರಿಗೆ ಅಷ್ಟು ಚೆನ್ನಾಗಿದ್ದುಕೊಂಡು...!'

ಹೋಗಿ ಕೇಳಬಹುದಿತ್ತು. ಆದರೆ ಜಗಳವಾಡುವುದಕ್ಕೂ ತ್ರಾಣ ಬೇಕಲ್ಲ! ಅಂಗಡಿಗೆ ಹೋಗಲು ಈಗ ನೆಪವೂ ಇರಲಿಲ್ಲ. ಅವನು ರಸ್ತೆಯಾಚೆಯಿಂದ ಕೈಯೆತ್ತಿದರೂ ನೋಡದವಳಂತೆ ನಡೆದಳು.

ಭಾನುವಾರ ಢಮಾರನಿಗೆ ಚೈನು ಹಾಕಿದಳು. ದಿಕ್ಕಿಲ್ಲದ ನಾಯಿಗಳನ್ನು ಸಾಕುವವರು ಊರಾಚೆ ಇದ್ದರು. ತಿರುಗಾಟಕ್ಕೆಂದು ತಿಳಿದು ಅವನು ಕುಣಿದ. ಅದನ್ನು ನೋಡಲಾಗಲಿಲ್ಲ.

'ನಾನೂ ಅಣ್ಣನ ಹಾಗೇ ಆದೆನಲ್ಲ...'

ಗೇಟಿನ ಬಳಿ ಕನ್ನಡಕದಂಗಡಿಯವನು ಮಂಡಿಯೂರಿ ಕುಳಿತಿದ್ದ. ಕೈಯಲ್ಲಿ ಕನ್ನಡಕ ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರು. ಅದರಲ್ಲೇ ಗೇಟಿಗೆ ಹೊಸ ಚಿಲಕ ಕೂರಿಸಲು ಒದ್ದಾಡುತ್ತಿದ್ದ!

"ಅದ್ರಲ್ಲಿ ಗೇಟು ರಿಪೇರಿ ಆಗುತ್ತಾ?" ಬೇಡವೆಂದರೂ ಬಾಯಿಗೆ ಬಂತು.

"ನನ್ನ ಹತ್ರ ಇರೋದು ಇದೊಂದೇ... ಎಲ್ಲಿಗೆ ಹೊರಟ್ರಿ?"

"ಇವನನ್ನ ಬಿಟ್ಟು ಬರೋಕೆ. ದೂರು ಕೊಟ್ಟೋರು ನೀವೇ ಅಲ್ವಾ?"

ಅವನ ಮುಖ ಬಿಳಿಚಿತು. "ನಾನಾ? ಮೇಲಿನ ಮನೆಯವ್ರು ಆಗ್ಲೇ ಕೊಟ್ಟಿದ್ರು ರೀ. ನಾನು ಹೋಗಿದ್ದು ನಾಯಿ ಇರ್ಲಿ ಅನ್ನೋಕೆ! ಹಗಲು ಯಾರು ನೋಡ್ಕೋತಾರೆ ಅಂದ್ರು ಓನರ್. ನಾನು ನೋಡ್ಕೋತೀನಿ ಅಂದೆ, ಒಪ್ಪಿದ್ರು. ಆಂಟಿ ಅರ್ಧ ಹೇಳಿದ್ದಾರೆ. ಉಳಿದರ್ಧ ಹೇಳೋಣ ಅಂದ್ರೆ ನೀವು ತಿರುಗೇ ನೋಡ್ಲಿಲ್ಲ."

"ನಿಮ್ಮ ಬೆಕ್ಕನ್ನ ಕಚ್ಚಿದ ನಾಯೀನಾ...?"

"ಅಂಗಡೀಲಿ ಸಿಡುಕಿ ಕಪಾಟಿನ ಮೇಲೆ, ಇವನು ಕೆಳಗೆ, ಮಧ್ಯೆ ನಾನು." ಅವನು ತಲೆ ತಗ್ಗಿಸಿದ. "ಚಿಲಕ ಕೆಟ್ಟಿದ್ದು ನನಗೂ ಕಾಣ್ತಿತ್ತು. ಸಿಡುಕೀನ ಹೊರಗೆ ಬಿಟ್ಟೋನೂ ನಾನೇ. ತಪ್ಪೆಲ್ಲ ನೀವೊಬ್ರೇ ಹೊತ್ಕೊಂಡ್ರಿ. ನಾನು ಸುಮ್ನಿದ್ದೆ... ನೀವು ದಿನಾ ಬರ್ತಿರಲಿ ಅಂತ."

ಅಪ್ಪ ಹೋದಾಗಲೂ ಓಡಾಟದ ಗಡಿಬಿಡಿಯಲ್ಲಿ ಅಳದೇ ಉಳಿದವಳು ಗೇಟು ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

"ನನಗೆ ಸುಸ್ತಾಗಿದೆ ರೀ..."

"ಗೊತ್ತು. ಚೈನು ಇಲ್ಲಿ ಕೊಡಿ."

"ಎಳೀತಾನೆ. ಬೀಳ್ತೀರಿ. ಆಮೇಲೆ ನಿಮ್ಮನ್ನ ಎತ್ತೋ ಕೆಲಸಾನೂ ನನಗೇ!"

"ಬಿದ್ರೂ ನಾನೇ ಏಳ್ತೀನಿ. ನೀವು ಹೋಗಿ ಆ ಕುರ್ಚೀಲಿ ಸ್ವಲ್ಪ ಮಲಗಿ. ಬೋರ್ಡಿನ ದೀಪ ಆರಿಸಿದ್ದೀನಿ."

ಬಿಗಿಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಚೈನು ಅವನ ಕೈಗೆ ಹೋಯಿತು.

"ಎಷ್ಟೊತ್ತು ಮಲಗಲಿ?"

"ಸಾಕು ಅನ್ನಿಸೋವರೆಗೂ. ನಾವು ಮೂರೂ ಜನ ಅಲ್ಲೇ ಇರ್ತೀವಿ."