ಹೊಸಿಲಿಗೆ ಪರವಾನಗಿ ಇರಲಿಲ್ಲ

ಎತ್ತಪ್ಪ ನನ್ನ ಜೊತೆ ಮೊದಲು ಆಡಿದ ಮಾತೇ ಬೈಗುಳ. ಎಪ್ಪತ್ತನಾಲ್ಕನೇ ಇಸವಿ. ಶ್ರೀರಾಂಪುರದಾಚೆಯ ಒಣಗಿದ ಕೆರೆಯಂಗಳದಲ್ಲಿ ಅವನು ಬೆಳೆದ ಸೌತೆಬಳ್ಳಿಯನ್ನು ನನ್ನ ಕುರಿಗಳು ಮೇಯುತ್ತಿದ್ದವು.

“ಲೇ ಸಿದ್ದಿ, ಕಣ್ಣು ಕುರಿ ಮ್ಯಾಲೈತೋ, ನನ್ ಮ್ಯಾಲೈತೋ?”

“ನಿನ್ನ ನೋಡಾಕೆ ಏನೈತೆ ಮಾವ? ಬೆದರುಬೊಂಬೆ ಅಂದ್ಕಂಡಿದ್ದೆ.”

ದೂರದ ವರಸೆಯಲ್ಲಿ ಅವನು ನನಗೆ ಮಾವನಾಗಬೇಕು. ನಕ್ಕ. ನಕ್ಕರೆ ಎಡಗೆನ್ನೆ ಮಾತ್ರ ಕುಳಿ ಬೀಳುತ್ತಿತ್ತು. ಮರುದಿನ ಕುರಿಗಳನ್ನು ನಾನೇ ಆ ಕಡೆ ಅಟ್ಟಿದೆ. ಅದರಲ್ಲಿ ಮುಚ್ಚುಮರೆ ಏನು?

ಊರೊಳಗೆ ಅವನಿಗೆ ಅಂಗೈಯಗಲ ಜಾಗವಿರಲಿಲ್ಲ. ಇದ್ದದ್ದು ಕೆರೆಯಂಗಳದ ಗುತ್ತಿಗೆ ಒಂದೇ. ಅಲ್ಲೇ ಗುಡಿಸಲು ಹಾಕಲು ಕಚೇರಿಗೆ ಅಲೆದು ಅಲೆದು ಪರವಾನಗಿ ತಂದ. ಗೂಟ, ಗಳ, ತೆಂಗಿನ ಗರಿ, ಇಷ್ಟೇ. ಪಾಯ ತೆಗೆಯಬಾರದು, ಕಲ್ಲು ಕೂರಿಸಬಾರದು. ಕೆರೆ ತುಂಬಿದರೆ ಎಲ್ಲ ಕಿತ್ತು ನೀರಿಗೆ ಜಾಗ ಬಿಡಬೇಕು. ಕೆರೆ ನೀರಿನದು. ಆ ಕಾನೂನು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ನಮ್ಮಪ್ಪ ಸಣ್ಣಪ್ಪ ಗುಡಿಸಲು ನೋಡಲು ಬಂದು, ಎಲೆಯಡಿಕೆ ಉಗಿದು ಹೇಳಿದ:

“ಹೊಸಿಲೇ ಇಲ್ಲ. ನನ್ ಮಗಳು ಆಡು ನುಗ್ಗಿದಂಗೆ ನುಗ್ಗಬೇಕಾ? ಹೊಸಿಲು ಇಕ್ಕು, ಆಮ್ಯಾಲೆ ಲಗ್ನದ ಮಾತಾಡಾಣ.”

ಮದುಮಗಳು ಹೊಸಿಲ ಮೇಲಿಟ್ಟ ಅಕ್ಕಿಯ ಸೇರನ್ನು ಒದ್ದು ಒಳಗೆ ಬರದಿದ್ದರೆ ನಮ್ಮಲ್ಲಿ ಅದು ಮದುವೆಯೇ ಅಲ್ಲ.

ಎತ್ತಪ್ಪ ಗುಡ್ಡದಿಂದ ಚಪ್ಪಡಿ ಒಡೆದು, ಗಾಡಿಯಲ್ಲಿ ತಂದು ಬಾಗಿಲಿಗೆ ಹೂತ. ನಾನು ಅರಿಶಿನ ಬಳಿದೆ. ಬಗ್ಗಿ ಬಳಿಯುವಾಗ ಅವನ ಕಣ್ಣು ನನ್ನ ಕತ್ತಿನ ಹಿಂದೆ ನಿಂತದ್ದು ತಿರುಗಿ ನೋಡದೆಯೇ ತಿಳಿಯುತ್ತಿತ್ತು. ಎದ್ದವಳೇ ಒಳಗಿಡಲು ಕಾಲೆತ್ತಿದೆ.

“ಏ, ಈಗ್ಲೇ ದಾಟಬ್ಯಾಡ!” ರಟ್ಟೆ ಹಿಡಿದ. “ಲಗ್ನದ ದಿನ ದಾಟೀಯಂತೆ.”

“ಅಲ್ಲೀತಂಕ ಹಿಂಗೇ ಹಿಡ್ಕಂಡಿರ್ತೀಯಾ?”

ಬಿಡಲಿಲ್ಲ. ಬಿಡಿಸಿಕೊಳ್ಳುವ ಅವಸರ ನನಗೂ ಇರಲಿಲ್ಲ.

ಇನ್ನೇನು ಚಪ್ಪರ ಹಾಕಬೇಕು, ಓವರ್‌ಸೀಯರ್ ಪರಮೇಶ್ವರಪ್ಪ ಸೈಕಲ್ಲಿನಲ್ಲಿ ಬಂದರು. ಅಪ್ಪನೂ ನಾನೂ ಅಲ್ಲೇ ಇದ್ದೆವು.

“ಬರ್ರಿ ಸ್ವಾಮಿ, ಕುಂತ್ಕಳ್ರಿ,” ಎಂದ ಎತ್ತಪ್ಪ.

ಅವರು ಕೂರಲಿಲ್ಲ. ಹೊಸಿಲನ್ನು ಬೂಟುಗಾಲಿನಿಂದ ತಟ್ಟಿದರು. “ಇದು ಕಾಯಂ ಕಟ್ಟಡ ಆತು. ಕಿತ್ತಾಕು. ಇಲ್ಲಾಂದ್ರೆ ಗುಡಿಸಲೂ ಇಲ್ಲ, ಗುತ್ತಿಗೆನೂ ಇಲ್ಲ.”

“ಗೂಟ ಹೂತ್ರೆ ಕಾಯಂ ಅಲ್ಲ, ಹೊಸಿಲು ಹೂತ್ರೆ ಕಾಯಂ ಏನ್ ಸ್ವಾಮಿ?”

“ಎದ್ದು ಹೋಗೋನು ಹೊಸಿಲು ಇಕ್ಕಲ್ಲ ಕಣಯ್ಯ.”

ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಸಿದ್ದಿ, ನಡಿ ಹೋಗಾಣ.”

ನಾನು ಕದಲಲಿಲ್ಲ. “ಮಾವ, ಕಲ್ಲು ಕಿತ್ತಾಕು. ನಾನು ಹಂಗೇ ಬತ್ತೀನಿ. ಈಗ್ಲೇ.”

ಅಪ್ಪನೆದುರು, ಸರ್ಕಾರದೆದುರು ಹಾಗೆಂದೆ. ಅದಕ್ಕಿಂತ ಬಿಚ್ಚಿ ಹೆಣ್ಣು ಇನ್ನು ಹೇಗೆ ಹೇಳಬೇಕು?

ಎತ್ತಪ್ಪ ತಲೆ ತಗ್ಗಿಸಿದ. “ಬ್ಯಾಡ ಸಿದ್ದಿ. ಊರೋರು ನಿನ್ನ ಇಟ್ಕಂಡೋಳು ಅಂತಾರೆ.”

“ಅನ್ಲಿ. ಊರೋರಾ ನನ್ ಜತೆ ಬಾಳ್ವೆ ಮಾಡೋರು?”

“ಅದನ್ನ ನನ್ ಕಿವಿಯಾಗೆ ಕೇಳಾಕಾಗಲ್ಲ. ಅಪ್ಪನ ಜತೆ ಹೋಗು.”

“ನಿಂಗೆ ಬೇಕಾಗಿದ್ದು ನಾನೋ, ನನ್ ಮರ್ಯಾದೆನೋ?”

ಎತ್ತಪ್ಪ ಹಾರೆ ತಂದು ಕಲ್ಲು ಮೀಟತೊಡಗಿದ. ಅರಿಶಿನದ ಮಗ್ಗುಲು ಮಣ್ಣಿಗೆ ಮುಖ ಮಾಡಿ ಬಿತ್ತು. ಗುಡಿಸಲು ಉಳಿಯಿತು, ಗುತ್ತಿಗೆ ಉಳಿಯಿತು, ನನ್ನ ಮರ್ಯಾದೆಯೂ ಉಳಿಯಿತು. ತಗೊಂಡು ಏನು ಮಾಡಲಿ?

ನನ್ನನ್ನು ಹೊಳಲ್ಕೆರೆಗೆ ಕೊಟ್ಟರು. ಸೇರು ಒದ್ದೆ, ಅಕ್ಕಿ ನಡುಮನೆಯವರೆಗೆ ಚೆಲ್ಲಿತು, ಎಲ್ಲರೂ ಶುಭ ಎಂದರು. ಗಂಡ ಕೆಟ್ಟವನಲ್ಲ. ಅವನ ವಿಷಯ ಅಲ್ಲಿಗೆ ಮುಗಿಯಿತು.

ಮಗಳನ್ನು ಎತ್ತಿಕೊಂಡು ತವರಿಗೆ ಹೋದ ಒಂದು ಸಲ, ಕೆರೆಯ ದಾರಿ ಹಿಡಿದೆ. ಎತ್ತಪ್ಪ ಗುಡಿಸಲ ಮುಂದೆ ನಿಂತು ಹಗ್ಗ ಹೊಸೆಯುತ್ತಿದ್ದ.

“ಚೆನ್ನಾಗಿದೀರಾ ಸಿದ್ದಕ್ಕ?”

ಸಿದ್ದಕ್ಕ! ಅದೂ ಬಹುವಚನದಲ್ಲಿ.

“ಇದೀನಿ. ಮದುವೆ ಆತಾ ನಿಂದು?”

“ಇಲ್ಲ.”

ಮಗಳ ಕೆನ್ನೆ ಮುಟ್ಟಲು ಬಂದ ಕೈಯನ್ನು ಅರ್ಧಕ್ಕೇ ಹಿಂದಕ್ಕೆಳೆದುಕೊಂಡ. ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಒಳಗೆ ಬನ್ನಿ ಎನ್ನಲಿಲ್ಲ. ಅಂದಿದ್ದರೂ ನಾನು ಹೋಗುತ್ತಿರಲಿಲ್ಲ.

ಸುಳ್ಳು. ಹೋಗುತ್ತಿದ್ದೆ.